ಚರ್ಚಿನ ಹೊರಗೋಡೆ

ನಾಲ್ಕು ಮಹಡಿ ಎತ್ತರಕ್ಕೆ ನಿಂತಿದ್ದ ಗಂಡನನ್ನು ವರ್ಡೆಲ್ ಕತ್ತೆತ್ತಿ ನೋಡಿದಳು. ಬೂಟು ಚೆನ್ನಾಗಿತ್ತು. ಗಿಟಾರೂ ಪರವಾಗಿಲ್ಲ. ಹಲ್ಲನ್ನು ಮಾತ್ರ ಚಿತ್ರಕಾರ ಧಾರಾಳವಾಗಿ ಕೊಟ್ಟುಬಿಟ್ಟಿದ್ದ. ಬದುಕಿದ್ದಾಗ ಕ್ಲಿಯೋಟಿಸ್‌ಗೆ ಅದರಲ್ಲಿ ಅರ್ಧವೂ ಇರಲಿಲ್ಲ.

ಕಪ್ಪು ಜನರ ಕೇರಿಯಾದ ಶಿಕಾಗೋದ ದಕ್ಷಿಣ ಭಾಗವೆಲ್ಲ ಅವನ ಬ್ಲೂಸ್ ಹಾಡಿಗೆ ಕುಣಿದಿತ್ತು. ಅವನು ಸತ್ತಾಗ ಇದೇ ಚರ್ಚು, ಸೈತಾನನ ಹಾಡು ಹಾಡಿದವನ ಶವಪೆಟ್ಟಿಗೆ ಒಳಗೆ ಬರಕೂಡದೆಂದು ಬಾಗಿಲು ಹಾಕಿಕೊಂಡಿತ್ತು. ಕೊನೆಗೆ ಅವನನ್ನು ಕಳಿಸಿಕೊಟ್ಟದ್ದು ಹೆಂಡದಂಗಡಿಯಿಂದ. ಈಗ ನೋಡಿದರೆ ಅದೇ ಚರ್ಚಿನ ಹೊರಗೋಡೆಯ ತುಂಬ ಅವನೇ! ನಗರಸಭೆಯವರೂ ಕ್ಯಾಮೆರಾದವರೂ ಬರುತ್ತಾರೆ ಅಂದಮೇಲೆ ಸೈತಾನನೂ ನೆಂಟನೇ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅನ್ನುವುದು ಸುಮ್ಮನೆ ಅಲ್ಲ.

ಪಾದ್ರಿ ಲ್ಯಾಟಿಮೋರ್ ಓಡೋಡಿ ಬಂದ.

"ಬನ್ನಿ ವರ್ಡೆಲಕ್ಕಾ, ಕ್ಲಿಯೋಟಿಸ್ ನಮ್ಮ ಚರ್ಚಿನ ರತ್ನ! ನೆಲಮಾಳಿಗೇಲಿ ಊಟ ರೆಡಿ. ಹುರಿದ ಕೋಳಿ, ಸೊಪ್ಪು, ಗೆಣಸಿನ ಪೈ..."

"ಪ್ರಾರ್ಥನೆ ಮಾಡಿ ಹೂತು ಬಂದ ಮೇಲಲ್ವೇನಯ್ಯಾ ಚರ್ಚಲ್ಲಿ ಕೋಳಿ ಬಡಿಸೋದು? ನೀವು ಅವನ ಕೊನೇ ಪ್ರಾರ್ಥನೇನೇ ಮಾಡಿಲ್ಲ. ಒಳಗೆ ನಡಿ, ಮೊದಲು ಅದನ್ನ ಮುಗಿಸು. ಆಗಲ್ಲ ಅಂದ್ರೆ ಹೇಳು, ಈ ಕ್ಯಾಮೆರಾದವರ ಹತ್ರ ನಾನೇ ಮಾತಾಡ್ತೀನಿ."

ಪಾದ್ರಿ ಕ್ಯಾಮೆರಾ ನೋಡಿದ, ವರ್ಡೆಲ್ ಮುಖ ನೋಡಿದ. ಬಾಗಿಲು ತಾನಾಗಿಯೇ ತೆರೆದುಕೊಂಡಿತು.

ಸತ್ತವರ ಮನೆಯವರು ಕೂರುವ ಮೊದಲ ಬೆಂಚಿನಲ್ಲಿ ಅವಳು ಒಬ್ಬಳೇ ಕೂತಳು. ಜನ ಹಿಂದೆ ತುಂಬಿಕೊಂಡರು. ಪಾದ್ರಿ ಶುರುಹಚ್ಚಿದ: ಸದ್ಗುಣಿ, ದೈವಭಕ್ತ, ಮಹಾನ್ ಸಂಗೀತಗಾರ. ಒಂದೊಂದಕ್ಕೂ ಜನ "ಆಮೆನ್" ಎಂದು ಕೂಗಿದರು.

"ಯಾವ ಸಂಗೀತ?" ಎಂದು ವರ್ಡೆಲ್ ಕೂಗಿದಳು. ಇದಕ್ಕೆ ಯಾರೂ ಆಮೆನ್ ಅನ್ನಲಿಲ್ಲ.

"ಅದೇ... ನಮ್ಮ ಜನರ ಸಂಗೀತ."

"ಹೆಸರಿಲ್ವಾ ಅದಕ್ಕೆ? ಹೊರಗಡೆ ಬಸ್ಸಿನಷ್ಟುದ್ದ ಅಕ್ಷರದಲ್ಲಿ ಬರೆಸಿದ್ದೀಯಲ್ಲೋ ನಾಚಿಕೆಗೆಟ್ಟೋನೇ!"

ಬಿಸಿ ಕಡುಬು ಬಾಯಿಗೆ ಹಾಕಿಕೊಂಡವನ ಹಾಗೆ ಪಾದ್ರಿ ನಿಂತ. ಈ ಪೀಠದಿಂದ ಆ ಹೆಸರು ಇದುವರೆಗೆ ಬಂದದ್ದು ಬೈಗುಳವಾಗಿ ಮಾತ್ರ.

ಚರ್ಚಿನ ಹಿರಿಯಳು, ಅಡಿಯಿಂದ ಮುಡಿಯವರೆಗೆ ಬಿಳಿ ತೊಟ್ಟ ಒಜೆಲ್ಲಾ ಅಜ್ಜಿ, ಹಿಂದಿನಿಂದ ದನಿ ತೆಗೆದಳು. "ಹೇಳಯ್ಯಾ, ಬ್ಲೂಸು ಅಂತ! ನಾಲಿಗೆ ಏನೂ ಬಿದ್ದುಹೋಗಲ್ಲ. ಶನಿವಾರ ಶನಿವಾರ ನಾನೂ ಅದಕ್ಕೆ ಕುಣಿದಿದ್ದೀನಿ."

ಚರ್ಚೆಲ್ಲ ಗೊಳ್ಳೆಂದಿತು.

"ಬ್ಲೂಸ್," ಅಂದ ಪಾದ್ರಿ, ಕೇಳಿಸಿಯೂ ಕೇಳಿಸದ ಹಾಗೆ. "ಅವನು ಬ್ಲೂಸ್ ಹಾಡುತ್ತಿದ್ದ."

ಆಮೆನ್‌ಗಳ ಸುರಿಮಳೆಯೇ ಆಯಿತು. ಅದರ ನಡುವೆ ಒಜೆಲ್ಲಾ ಕುಂಟುತ್ತ ಮುಂದೆ ಬಂದು, ವರ್ಡೆಲ್ ಪಕ್ಕದಲ್ಲಿ ಕೂರಲು ಬೆಂಚು ಹಿಡಿದಳು. ವರ್ಡೆಲ್ ನಗಲಿಲ್ಲ.

"ಕುಣಿದಿದ್ದಳಂತೆ! ಆ ಚಳೀಲಿ ಪೆಟ್ಟಿಗೆ ಇಟ್ಕೊಂಡು ನಾನು ಬಾಗಿಲು ಬಡೀತಿದ್ದಾಗ ಎಲ್ಲಿ ಸತ್ತಿದ್ದೆ?"

"ಇಲ್ಲೇ ಇದ್ದೆ ಕಣೇ," ಅಂದಳು ಮುದುಕಿ, ತಲೆ ತಗ್ಗಿಸಿ. "ಒಳಗಿನಿಂದ ಅಗುಳಿ ಹಾಕಿದವಳೇ ನಾನು."

ಬೆಂಚಿನಲ್ಲಿ ಬೇಕಾದಷ್ಟು ಜಾಗವಿತ್ತು. ವರ್ಡೆಲ್ ತನ್ನ ಕೈಚೀಲವನ್ನು ತೊಡೆಯಿಂದ ಎತ್ತಿ, ಮುದುಕಿ ಕೂರಬೇಕೆಂದಿದ್ದ ಜಾಗದಲ್ಲಿಟ್ಟಳು.