ದಸ್ತಗಿರ್ ಸಾಬರ ಕಿವಿ

ಬಾಯ್ಲರಿನ ಆವಲಪ್ಪನ ತುಟಿ ಅಲುಗುತ್ತಿದೆ, ಬಾಯಿ ತುಂಬ ಎಲೆಯಡಿಕೆ, ಅದರೊಳಗಿಂದ ಮಾತು ಹೆಕ್ಕುವುದು ಕಷ್ಟ, ಆದರೂ ದಸ್ತಗಿರ್ ತಲೆಯಾಡಿಸಿದ — ಏನ್ ಸಾಬ್ರೇ, ನಿಮ್ ಪ್ಯಾನಲ್ ಕಿತ್ತಾಕ್ತಾವ್ರೆ, ಹೊಟ್ಟೆ ಉರಿಯಲ್ವಾ, ಅಂತಲೇ ಇರಬೇಕು, ಬೆಳಗಿನಿಂದ ಎಲ್ಲರೂ ಸಾವಿನ ಮನೆಗೆ ಬಂದವರ ಮುಖ ಹೊತ್ತು ಅದನ್ನೇ ಕೇಳುತ್ತಿದ್ದಾರೆ, ಉರಿಯುವುದೇ, ಅವನಿಗೆ ಒಳಗೊಳಗೇ ಹಬ್ಬ, ಹೇಳುವಂತಿಲ್ಲ ಅಷ್ಟೆ. ಡೇರಿ ಶುರುವಾದಾಗ ಬಂದ ಬೂದುಬಣ್ಣದ ಬೀರು ಆ ಪ್ಯಾನಲ್, ಒಳಗೆ ಸಾಲುಸಾಲು ರಿಲೇ ಸ್ವಿಚ್ಚು, ಜಂಗಮಕೋಟೆ ಕಡೆಯ ಹಾಲು ಸಾಕಷ್ಟು ಕಾಯದಿದ್ದರೆ ಒಂದು ರಿಲೇ ಟಕ್ ಎಂದು ವಾಲ್ವ್ ತಿರುಗಿಸಿ ಹಸಿ ಹಾಲನ್ನು ಹಿಂದಕ್ಕೆ ಅಟ್ಟಬೇಕು, ಶಾಖದ ಮುಳ್ಳು ಇಳಿದರೂ ಟಕ್ ಬಾರದಿದ್ದರೆ ರಿಲೇ ಅಂಟಿಕೊಂಡಿದೆ ಎಂದೇ ಅರ್ಥ, ಆಗ ಓಡಿಹೋಗಿ ಕೈಯಲ್ಲೇ ತಿರುಗಿಸಬೇಕು — ಅಂಗಳದಲ್ಲಿ ಟೀ ಕುಡಿಯುತ್ತಲೇ ಆ ಟಕ್ ಕೇಳುತ್ತಿದ್ದವನು ದಸ್ತಗಿರ್, ಹಾವಿನ ಕಿವಿ ಕಣ್ರೋ ಸಾಬ್ರದು, ಎನ್ನುತ್ತಿದ್ದರು, ಈಗಲೂ ಎನ್ನುತ್ತಾರೆ, ಅದೇ ತೊಂದರೆ. ಕಂಪ್ರೆಸರಿನ ಮೊರೆತ ಆ ಕಿವಿಯನ್ನು ನುಸಿ ರಾಗಿ ತಿಂದ ಹಾಗೆ ಸದ್ದಿಲ್ಲದೆ ತಿಂದು ಮುಗಿಸಿತು, ಮೊದಲು ಹಕ್ಕಿ ಹೋಯಿತು, ಆಮೇಲೆ ಅಜಾನ್, ಆಮೇಲೆ ಶಿಡ್ಲಘಟ್ಟದ ಮನೆಯಲ್ಲಿ ಆ ಭಾನುವಾರ, ಅವನು ಪೇಪರ್ ಓದುತ್ತ ಕೂತಿದ್ದಾನೆ, ಬೆನ್ನ ಹಿಂದೆ ಸ್ಟವ್ ಮೇಲೆ ಹಾಲು, ಅಜೀ ದೂಧ್, ದೂಧ್ ದೇಖೋ ಎಂದು ಹೆಂಡತಿ ಹಮೀದಾ ಹಿತ್ತಿಲಿನಿಂದ ಕೂಗಿದಳಂತೆ, ಓಡಿಬಂದು ಭುಜ ಹಿಡಿದಾಗ ಅವನು ತಿರುಗಿ ನೋಡಿದ, ಬೆಳ್ಳಗೆ ಉಕ್ಕಿ, ಸ್ಟವ್ ಇಳಿದು, ನೆಲದ ಮೇಲೆ ಹರಿದು ಅವನ ಹಿಮ್ಮಡಿ ಮುಟ್ಟುತ್ತಿತ್ತು. ಅವಳು ಬೈಯಲಿಲ್ಲ, ಕೂತು ಅತ್ತಳು, ಅದೇ ಕೆಟ್ಟದ್ದು.

ಅಂದಿನಿಂದ ಡ್ಯೂಟಿ ಪೂರ್ತಿ ಬೀರುವಿನ ಬಾಗಿಲಿಗೆ ಅಂಗೈ ಒತ್ತಿ ನಿಲ್ಲುವುದು, ಟಕ್ ಎಂದರೆ ತಗಡು ಅಂಗೈಗೆ ಹೇಳುತ್ತದೆ, ನೋಡಿದವರು ಭಕ್ತಿ ಎಂದುಕೊಂಡರು, ಆವಲಪ್ಪ ಬರುವಾಗೊಮ್ಮೆ ಬಾಗಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಶುರುಮಾಡಿದ, ಕ್ಯಾನ್ ತೊಳೆಯುವ ಗಂಗುಲಮ್ಮ ಕುಂಕುಮ ಹಚ್ಚಿದಳು, ಈಗ ಶಿಫ್ಟಿಗೆ ಶಿಫ್ಟೇ ಮುಟ್ಟಿ ಒಳಗೆ ಹೋಗುತ್ತದೆ, ಕಿವುಡನೊಬ್ಬ ಊರಿಗೇ ಹೊಸ ದೇವರು ಕೊಟ್ಟ, ನಗು ಬರುತ್ತದೆ, ಭಯವೂ — ಅಂಗೈ ತಪ್ಪಿದ ದಿನ ಹಸಿ ಹಾಲು ಚಿಂತಾಮಣಿಯ ಯಾವ ಮಗುವಿನ ಲೋಟಕ್ಕೆ ಹೋಗುತ್ತದೋ, ಕಿವಿ ಹೋಯಿತು ಎಂದರೆ ಕೆಲಸ ಹೋಗುತ್ತದೆ, ಹೇಳುವುದು ಯಾರಿಗೆ. ಅದಕ್ಕೇ ಪೂನಾದ ಹೊಸ ಪೆಟ್ಟಿಗೆ ಲಾರಿಯಿಂದ ಇಳಿದಾಗ ಅಲ್ಲಾಹನಿಗೆ ಶುಕ್ರ್ ಎಂದ, ಟಕ್ ಇಲ್ಲ, ಟಿಕ್ ಇಲ್ಲ, ಎಲ್ಲ ದೀಪ, ಹಸಿರು ಹಳದಿ, ಕಣ್ಣು ಇನ್ನೂ ಗಟ್ಟಿ, ರಿಟೈರ್ ಆಗುವವರೆಗೆ ನೋಡುತ್ತ ಕೂತರಾಯಿತು.

ಎಲ್ಲರೂ ಪೆಟ್ಟಿಗೆಯ ಸುತ್ತ ಸೇರಿದ್ದಾರೆ, ಮ್ಯಾನೇಜರ್ ವೆಂಕಟರವಣಪ್ಪ ಅವನ ಭುಜದ ಮೇಲೆ ಕೈ ಹಾಕಿದರು, ಅವರ ತುಟಿ ಓದುವುದು ಸುಲಭ, ನಿಧಾನದ ಮನುಷ್ಯ — ನಮ್ ಸಾಬ್ರ ಕಿವಿ ಅಂದ್ರೆ ಕಿವಿ, ಅವ್ರ ಗೌರವಕ್ಕೆ ಅಂತ್ಲೇ ಹಸಿ ಹಾಲಿನ ಅಲಾರಮ್ಮಿಗೆ ದೀಪ ಬೇಡ ಅಂದೆ, ಬಜರ್ ಹಾಕ್ಸಿದೀನಿ, ಒತ್ತಪ್ಪಾ. ಪೂನಾದ ಎಂಜಿನಿಯರ್ ಒತ್ತಿದ. ಗಂಗುಲಮ್ಮ ಒದ್ದೆ ಕೈಗಳಿಂದ ಕಿವಿ ಮುಚ್ಚಿಕೊಂಡಳು, ಆವಲಪ್ಪ ಬೆಚ್ಚಿ ಎಲೆಯಡಿಕೆ ಉಗುಳಿದ, ಎಲ್ಲ ಮುಖಗಳೂ ನಗುತ್ತ ಇವನತ್ತ ತಿರುಗಿವೆ, ಇವನು ಅಂಗೈ ಪೆಟ್ಟಿಗೆಗೆ ಒತ್ತಿದ್ದಾನೆ, ಪೆಟ್ಟಿಗೆ ಮೂಕ, ತಣ್ಣಗಿದೆ. ಹೆಂಗಿದೆ ಸಾಬ್ರೇ? ಚೆನ್ನಾಗಿದೆ ಸಾರ್, ಅಂದರೆ ಸಾಕು, ನಾಲಿಗೆಯ ತುದಿಯಲ್ಲೇ ಇದೆ, ಅಂದರೆ ಎಲ್ಲ ಉಳಿಯುತ್ತದೆ, ಆದರೆ ಹಮೀದಾ ಭುಜ ಹಿಡಿದ ಆ ಕೈ, ಯಾವುದೋ ಮಗುವಿನ ಆ ಲೋಟ — ಅವನೆಂದ, ಒಂದ್ ದೀಪ ಹಾಕ್ಸಿ ಸಾರ್, ಕೆಂಪುದು, ನಂಗ್ ಕೇಳಿಸ್ತಿಲ್ಲ, ಭಾಳ ದಿನದಿಂದ ಕೇಳಿಸ್ತಿಲ್ಲ. ತನ್ನ ದನಿ ಹೊರಬಂತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಭುಜದ ಮೇಲಿನ ಕೈ ಹಾಗೇ ಇದೆ, ತುಟಿಗಳೆಲ್ಲ ನಿಂತುಬಿಟ್ಟಿವೆ, ಓದಲು ಏನೂ ಇಲ್ಲ, ಬೆನ್ನ ಹಿಂದೆ ಆ ಭಾನುವಾರದ ಹಾಲು, ಬೆಳ್ಳಗೆ, ಉಕ್ಕಿ, ನೆಲದ ಮೇಲೆ ಬರುತ್ತಿದೆ, ಹಿಮ್ಮಡಿಗೆ ಬಿಸಿ.