ಎಡಗಿವಿಯ ಗುರುತು

ನನ್ನ ಸೊಂಟದ ಚೀಲದಲ್ಲಿ ಹುಣಸೆ ಬೀಜದಷ್ಟು ದೊಡ್ಡ ಕಲ್ಲೊಂದಿತ್ತು. ನಮ್ಮೂರು ಬಾಗೂರಿನಲ್ಲಿ ಅದನ್ನು ನೋಡದವರು ಕಡಿಮೆ. ಮಾತಾಡಿಸಲು ಬಂದವರಿಗೆಲ್ಲ ಅಂಗೈ ಮೇಲಿಟ್ಟು ತೋರಿಸುತ್ತಿದ್ದೆ.

“ಇದನ್ನ ತೆಗ್ಯಾಕೆ ನನ್ ಪಕ್ಕೇನ ಇಷ್ಟುದ್ದ ಕುಯ್ದವ್ರೆ ನೋಡ್ರಿ” ಎಂದು ಅಂಗಿ ಎತ್ತುತ್ತಿದ್ದೆ.

ಎಪ್ಪತ್ತಾರನೇ ಇಸವಿ. ಉಚ್ಚೆಯಲ್ಲಿ ರಕ್ತ ಬರತೊಡಗಿತು. ಉಷ್ಣ ಎಂದುಕೊಂಡು ಬಾರ್ಲಿ ಗಂಜಿ ಕುಡಿದೆ, ಎಳನೀರು ಕುಡಿದೆ. ಕಡಿಮೆಯಾಗಲಿಲ್ಲ. ತಮ್ಮ ಓಬಣ್ಣ ನನ್ನನ್ನು ಚಿತ್ರದುರ್ಗದ ಒಂದು ಆಸ್ಪತ್ರೆಗೆ ಸೇರಿಸಿದ. ಎಕ್ಸರೇ ತೆಗೆದರು, ಓಬಣ್ಣನನ್ನು ಒಳಗೆ ಕರೆದು ಮಾತಾಡಿದರು. ಅವನು ಹೊರಗೆ ಬಂದು, “ಕಲ್ಲಂತೆ ಕಣಣ್ಣ, ಆಪರೇಷನ್ ಮಾಡಿದ್ರೆ ಮುಗೀತು” ಎಂದ. ನಾನು ನಂಬಿದೆ. ಒಡಹುಟ್ಟಿದವನ ಮಾತನ್ನು ನಂಬದೆ ಇನ್ಯಾರದನ್ನು ನಂಬಲಿ?

ಆಪರೇಷನ್ನಿನ ಬೆಳಿಗ್ಗೆ ತೊಟ್ಟು ನೀರೂ ಕೊಡಲಿಲ್ಲ. ಪಕ್ಕೆ ಬೋಳಿಸಿ ಕೆಂಪು ಔಷಧಿ ಬಳಿದರು. ಕುರಿ ಉಣ್ಣೆಯನ್ನೂ ನಾವು ಅದಕ್ಕಿಂತ ಮೆತ್ತಗೆ ಕತ್ತರಿಸುತ್ತೇವೆ. ನನ್ನನ್ನು ಒಳಗೆ ತಳ್ಳಿಕೊಂಡು ಹೋಗುವಾಗ ಓಬಣ್ಣ ಕೈ ಹಿಡಿದುಕೊಂಡ.

“ಮಂದೆ ಬಗ್ಗೆ ಯೋಚ್ನೆ ಮಾಡಬ್ಯಾಡಣ್ಣ. ನಿನ್ ಕುರಿ ನಿನ್ ಕುರಿನೇ.”

ಎಚ್ಚರವಾದಾಗ ಪಕ್ಕೆಯಿಂದ ಒಂದು ನಳಿಕೆ ನೇತಾಡುತ್ತಿತ್ತು. ಕೆಮ್ಮಿದರೆ ಜೀವ ಬಾಯಿಗೆ ಬರುತ್ತಿತ್ತು. ಹೆಂಡತಿ ನಿಂಗಕ್ಕ ಕಂಬಳಿ ಮಡಿಸಿ ಹೊಲಿಗೆಯ ಮೇಲೆ ಒತ್ತಿ ಹಿಡಿದು, “ಈಗ ಕೆಮ್ಮು” ಎನ್ನುತ್ತಿದ್ದಳು. ಓಬಣ್ಣ ಆ ಕಲ್ಲನ್ನು ಬಟ್ಟೆಯಲ್ಲಿ ಕಟ್ಟಿ ತಂದು ಕೊಟ್ಟ. ಅವಳು ಅದನ್ನು ನೋಡಿ ಮುಖ ತಿರುಗಿಸಿದಳು. ಹೇಸಿಗೆ ಪಟ್ಟುಕೊಂಡಳು ಎಂದುಕೊಂಡೆ.

ಊರಿಗೆ ಬಂದ ಮೇಲೂ ಇಬ್ಬರೂ ನನ್ನನ್ನು ಕುರಿ ಕೂಡುವ ರೊಪ್ಪದ ಕಡೆ ಬಿಡಲಿಲ್ಲ. ಧೂಳಿಗೆ ಗಾಯ ಕೀವಾಗುತ್ತದಂತೆ. ನಾನು ಕುರಿಗಳ ಸದ್ದು ಕೇಳುತ್ತಾ ಜಗಲಿಯ ಮೇಲೆ ಮಲಗಿರುತ್ತಿದ್ದೆ. ಕೊನೆಗೊಂದು ದಿನ ಬೇಸತ್ತು ಕೋಲೂರಿಕೊಂಡು ನಾನೇ ಹೋದೆ.

ನಮ್ಮಲ್ಲಿ ಮಂದೆ ಒಂದೇ ಆದರೂ ಗುರುತು ಬೇರೆ. ನನ್ನ ಕುರಿಗಳಿಗೆ ಬಲಗಿವಿಯ ತುದಿ ಕತ್ತರಿಸುತ್ತೇವೆ, ಓಬಣ್ಣನವುಗಳಿಗೆ ಎಡಗಿವಿ ಸೀಳುತ್ತೇವೆ. ತಾಯಿಯ ಗುರುತೇ ಮರಿಗೆ. ಒಂದೇ ಒಂದು ಸಲ ಅದು ಬದಲಾಗುತ್ತದೆ. ಯಜಮಾನ ತೀರಿಕೊಂಡರೆ, ಅವನ ಗುರುತನ್ನು ಆಮೇಲೆ ಹುಟ್ಟಿದ ಯಾವ ಮರಿಗೂ ಹಾಕುವುದಿಲ್ಲ. ನಮ್ಮಪ್ಪ ಸತ್ತಾಗ ಹಾಗೇ ಮಾಡಿದ್ದೆವು.

ಬಲಗಿವಿ ಕತ್ತರಿಸಿದ ನನ್ನ ಕುರಿಗಳ ಕೆಚ್ಚಲಿಗೆ ಬಾಯಿಟ್ಟ ಮರಿಗಳನ್ನು ನೋಡಿದೆ. ಒಂದೊಂದನ್ನೂ ನೋಡಿದೆ. ಎಲ್ಲವಕ್ಕೂ ಎಡಗಿವಿ ಸೀಳಿತ್ತು.

ಓಬಣ್ಣ ಸೊಪ್ಪಿನ ಹೊರೆ ಇಳಿಸುತ್ತಿದ್ದವನು ಹಾಗೇ ನಿಂತ.

“ಲೇ, ನಾನು ಯಾವಾಗ ಸತ್ನೋ?” ಎಂದೆ.

ಅವನು ತಲೆ ತಗ್ಗಿಸಿದ. “ಕಲ್ಲಲ್ಲಣ್ಣ. ಕ್ಯಾನ್ಸರ್ ಗಡ್ಡೆ. ಒಂದು ಮೂತ್ರಪಿಂಡಾನೇ ತೆಗೆದವ್ರೆ. ಎಲ್ಲಾ ತೆಗ್ದೀವಿ, ಆದ್ರೂ ಮುಂದಿಂದು ಹೇಳಾಕಾಗಲ್ಲ ಅಂದ್ರು ಡಾಕ್ಟ್ರು. ಉಳಿಯಲ್ಲ ಅಂತ ತಿಳ್ಕಂಡೆ.”

“ಮತ್ತೆ ಈ ಕಲ್ಲು?”

“ದುರ್ಗದ ಚಂದ್ರವಳ್ಳಿ ಕೆರೆ ದಂಡೇದು.”

ಕ್ಯಾನ್ಸರ್ ಎಂದರೆ ಹೆದರಬೇಕಿತ್ತು. ಆ ಹೆದರಿಕೆ ಆಮೇಲೆ ಬಂತು. ಆಗ ಬಂದದ್ದು ಬರೀ ಸಿಟ್ಟು. ನನ್ನ ಸಾವಿನ ಸುದ್ದಿ ನನಗೊಬ್ಬನಿಗೆ ಬಿಟ್ಟು ಕುರಿಮರಿಗಳಿಗೂ ಗೊತ್ತಿತ್ತು.

ಅಷ್ಟರಲ್ಲಿ ಇನ್ನೊಂದು ಹೊಳೆಯಿತು. ಕಿವಿ ಕುಯ್ಯುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಇನ್ನೊಬ್ಬರು ಮರಿಯನ್ನು ತೊಡೆ ಮೇಲೆ ಅವುಚಿ ಹಿಡಿಯಬೇಕು.

“ಮರಿ ಹಿಡ್ದೋರು ಯಾರು?”

ನನ್ನನ್ನು ಹುಡುಕಿಕೊಂಡು ಬಂದು ಬೇಲಿ ಬಳಿ ನಿಂತಿದ್ದ ನಿಂಗಕ್ಕ ಹೇಳಿದಳು. “ನಾನೇ.”

ಕೆಮ್ಮುವಾಗ ನನ್ನ ಪಕ್ಕೆ ಹಿಡಿದ ಕೈಗಳೇ ಅವು. ಹೊಲಿಗೆ ಹಾಕಿದ ಕಡೆ ನೋವಿರಲಿಲ್ಲ, ಇನ್ನೆಲ್ಲೋ ಇತ್ತು.

ಮೂಲೆಯಲ್ಲಿ ಆಗತಾನೇ ಹುಟ್ಟಿದ ಮರಿಯೊಂದನ್ನು ನನ್ನ ಕುರಿ ನೆಕ್ಕುತ್ತಿತ್ತು. ಎರಡು ಕಿವಿಯೂ ಇಡಿಯಾಗಿದ್ದವು. ಎಳೆಯದಕ್ಕೆ ಕಿವಿ ಕುಯ್ಯುವ ವಾಡಿಕೆಯಿಲ್ಲ, ಆದರೂ ನನಗೆ ತಡೆಯಲಾಗಲಿಲ್ಲ. ಕಲ್ಲನ್ನು ಓಬಣ್ಣನ ಕಾಲ ಬಳಿ ಹಾಕಿ, ಅವನ ಸೊಂಟದಿಂದ ಚೂರಿ ಕಿತ್ತುಕೊಂಡೆ.

“ನಿಂಗಿ, ಬಾ. ಇದನ್ನ ಹಿಡ್ಕ. ಬಲಗಿವಿ ಈ ಕಡೆ ತಿರುಗ್ಸು.”

ಅವಳು ಬಂದು ಮರಿಯನ್ನು ಎತ್ತಿಕೊಂಡಳು. ಕೂರುವ ಮೊದಲು ಒಮ್ಮೆ ಓಬಣ್ಣನ ಮುಖ ನೋಡಿದಳು, ಮನೆ ಯಜಮಾನನ ಅಪ್ಪಣೆ ಕೇಳುವವಳ ಹಾಗೆ. ಅವನು ಹೂಂ ಎಂದು ತಲೆಯಾಡಿಸಿದ ಮೇಲೆಯೇ ಕಿವಿಯನ್ನು ನನ್ನ ಕಡೆ ತಿರುಗಿಸಿದಳು.