ಊದಿ ನೋಡದ ವಾಲ್ವ್

ಸ್ಮಶಾನದ ಏರು ಹತ್ತುವಾಗ ಮೇಷ್ಟ್ರ ಹಳೆಯ ಕಾರು ಎರಡು ಸಲ ಮುಗ್ಗರಿಸಿ ನಿಂತೇಬಿಟ್ಟಿತು. ನೀಲಿ ಹೊಗೆ ಎದ್ದು, ಹಿಂದೆ ನಡೆದು ಬರುತ್ತಿದ್ದವರ ಮುಖಕ್ಕೆ ಬಡಿಯಿತು. ಸೀಟು ಮಡಚಿದ ಜಾಗದಲ್ಲಿ ಮೆಕ್ಯಾನಿಕ್‌ನ ಹೆಣ. ಪಕ್ಕದಲ್ಲಿ ಮಂಡಿ ಮಡಚಿ ಕೂತ ಅವನ ಮಗಳು.

“ಹೋದ ತಿಂಗಳು ತಾನೇ ಇವನೇ ಸರಿ ಮಾಡಿಕೊಟ್ಟಿದ್ದು,” ಎಂದರು ಮೇಷ್ಟ್ರು.

ಟೈರ್ ಅಂಗಡಿಯವನು ಬಾನೆಟ್ ಎತ್ತಿ, ಎಂಜಿನ್ನಿಗೆ ಗಾಳಿ ಹೋಗುವ ಪೈಪು ಬಿಚ್ಚಿದ. ಒಳಗೆಲ್ಲ ಕಾಡಿಗೆಯಂಥ ಆಯಿಲ್.

“ಸತ್ತವರ ಬಗ್ಗೆ ಆಡಬಾರ್ದು. ಆದ್ರೂ ಕೊನೆಕೊನೆಗೆ ಅವನ ಕೈ ಕೆಟ್ಟಿತ್ತು.”

“ಆಡಬಾರ್ದು ಅಂದ್ಕೊಂಡೇ ಆಡ್ತೀಯಲ್ಲೋ,” ಎಂದ ಹುಡುಗಿಯ ಚಿಕ್ಕಪ್ಪ. ಅಲ್ಲಗಳೆಯಲಿಲ್ಲ. “ನಲವತ್ತು ವರ್ಷದ ಹೆಸರು. ಹೋಯ್ತು.”

ಮಗಳು ಬಿಚ್ಚಿದ ಪೈಪನ್ನೇ ನೋಡಿದಳು.

*

ಹೆಬ್ಬೆರಳಿನಷ್ಟೇ ಇರುವ ವಾಲ್ವ್ ಅದು. ಎಂಜಿನ್ನಿನೊಳಗಿನ ಹೊಗೆಯನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಉಲ್ಟಾ ಕೂರಿಸಿದರೆ ಆಯಿಲ್ ಗಾಳಿಯ ಪೈಪಿಗೆ ನುಗ್ಗುತ್ತದೆ. ಯಾವ ಬದಿ ಯಾವುದೆಂದು ಅಪ್ಪ ಬಾಯಿಂದ ಊದಿಯೇ ತಿಳಿಯುತ್ತಿದ್ದ. ಮೇಷ್ಟ್ರ ಕಾರು ರಿಪೇರಿಗೆ ಬಂದ ದಿನವೂ ಸ್ಟೂಲಿನ ಮೇಲೆ ಕೂತು ಊದಲು ಹೋದ. ಕೆಮ್ಮು ಒತ್ತರಿಸಿ ಬಂತು.

“ಉಸಿರು ಸಾಲ್ತಿಲ್ಲ ಪುಟ್ಟಿ. ನೀನೇ ಊದಿ ನೋಡಿ ಕೂರಿಸು.”

ವಾಲ್ವಿನ ತುದಿಯಲ್ಲಿ ರಕ್ತ ಬೆರೆತ ಉಗುಳಿತ್ತು. ಒರೆಸಿದಳು. ಮತ್ತೆ ಒರೆಸಿದಳು. ಬಾಯಿಯ ಹತ್ತಿರ ಒಯ್ಯಲಾಗಲಿಲ್ಲ. ಅಂದಾಜಿನ ಮೇಲೆ ಕೂರಿಸಿದಳು.

“ಊದಿದ್ಯಾ?”

“ಹೂಂ ಅಪ್ಪ.”

“ಸರಿ ಹಾಗಾದ್ರೆ. ಫೇಲ್ ಮಾಡಿದ ಶಾಲೆಯವರಿಗೆ ನಿನ್ನ ಬೆಲೆ ಗೊತ್ತಾಗಲಿಲ್ಲ ಬಿಡು,” ಎಂದು ನಕ್ಕ.

*

“ಅಪ್ಪ ಅಲ್ಲ,” ಎಂದಳು ಕಾರಿನಿಂದಿಳಿದು. ಯಾರೂ ತಿರುಗಲಿಲ್ಲ. ಮತ್ತೆ ಹೇಳಿದಳು. “ಅಪ್ಪ ಅಲ್ಲ. ನಾನು ಉಲ್ಟಾ ಕೂರಿಸಿದ್ದು. ಊದಿದೀನಿ ಅಂತ ಸುಳ್ಳು ಹೇಳಿದ್ದೆ.”

ಎಲ್ಲರೂ ಅವಳನ್ನೇ ನೋಡಿದರು.

“ಪಾಪ,” ಎಂದ ಟೈರ್ ಅಂಗಡಿಯವನು. “ಅಪ್ಪನ ಮಾನ ಉಳಿಸೋಕೆ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊತಿದೆ ಮಗು.”

“ನಿಜ ಹೇಳ್ತಿದೀನಿ ಚಿಕ್ಕಪ್ಪ!”

“ಗೊತ್ತಮ್ಮ, ಗೊತ್ತು. ಹೆಗಲು ಕೊಡ್ರೋ, ಹೊತ್ತಾಗುತ್ತೆ.”

ಹೆಣ ಹೊತ್ತು ಅವರು ಏರು ಹತ್ತಿದರು. ಮೇಷ್ಟ್ರೊಬ್ಬರೇ ಉಳಿದರು. ಅವಳು ಎಂಜಿನ್ನಿನೊಳಗೆ ಮೊಣಕೈವರೆಗೆ ಕೈ ಇಳಿಸಿ ವಾಲ್ವ್ ಕಿತ್ತಳು. ಎರಡೂ ಬದಿ ಊದಿದಳು, ತಿರುಗಿಸಿ ಕೂರಿಸಿದಳು. ಪೈಪು ಒರೆಸಿದಳು. ಕಾರು ಒಂದಷ್ಟು ಹೊಗೆ ಕಾರಿ ಹದಕ್ಕೆ ಬಂತು.

ಮೇಷ್ಟ್ರು ಬಾನೆಟ್ ಮುಚ್ಚಿದರು. “ಅವತ್ತು ಯಾಕಮ್ಮ ಊದಲಿಲ್ಲ?”

“ಅಸಹ್ಯ ಆಯ್ತು.”

ಹೆಣವಿಲ್ಲದ ಕಾರು ಇಬ್ಬರನ್ನೂ ಕೂರಿಸಿಕೊಂಡು ಸಲೀಸಾಗಿ ಏರು ಹತ್ತಿತು. ಹೆಣವನ್ನು ಆಗಲೇ ಗುಂಡಿಗೆ ಇಳಿಸಿದ್ದರು.

“ಬೇಗ ಬಾ, ನಿನಗೇ ಕಾಯ್ತಿದೀವಿ,” ಎಂದ ಚಿಕ್ಕಪ್ಪ.

ಅವಳು ಹಸಿಮಣ್ಣು ಹಿಡಿದು ಗುಂಡಿಯ ಮೇಲೆ ಮುಷ್ಟಿ ಬಿಚ್ಚಿದಳು. ಮಣ್ಣು ಆಯಿಲಿಗೆ ಮೆತ್ತಿಕೊಂಡು ಅಂಗೈಯಲ್ಲೇ ಉಳಿಯಿತು.

“ಕೊಡವಮ್ಮ.”

ಕೊಡವಿದಳು. ಬೀಳಲಿಲ್ಲ. ಇನ್ನೊಂದು ಕೈಯಿಂದ ಕೆರೆಯತೊಡಗಿದಳು. ಅದೂ ಅಷ್ಟೇ ಕಪ್ಪಾಗಿತ್ತು.